ನಡಕ್ಕೊಂದು ಹೆಬ್ಬೆರಳು

ಇಳಕಲ್ಲಿನ ಕುಣಿಮಗ್ಗಕ್ಕೆ ಕೂತವರನ್ನು ಬೆನ್ನ ಕಡೆಯಿಂದ ನೋಡಬೇಕು. ಕಾಲು ಕುಣಿಯೊಳಗೆ ಪೆಡಲ್ ತುಳಿಯುತ್ತಿರುತ್ತವೆ, ಕೈ ಲಾಳಿ ಓಡಿಸುತ್ತಿರುತ್ತದೆ, ಕತ್ತು ಎಳೆಗಳತ್ತ ಬಾಗಿರುತ್ತದೆ. ಅಲುಗದಿರುವುದು ನಡ ಒಂದೇ. ಸಂಜೆಗೆ ‘ನಡಾ ಹಿಡದೈತ್ರೀ’ ಎಂದು ಬೋರಲು ಮಲಗಿ, ಮೊಮ್ಮಗನನ್ನು ಬೆನ್ನ ಮೇಲೆ ನಡೆಸುತ್ತಾರೆ. ಕಾಲು ಮುಂದಾಗಿ ಹುಟ್ಟಿದ ಕೂಸು ತುಳಿದರೆ ಗುಣ ಹೆಚ್ಚಂತೆ. ಹುಟ್ಟಿದ ರೀತಿಗಿಂತ ಕೂಸಿನ ತೂಕ ನೋಡಿಕೊಳ್ಳುವುದು ಒಳ್ಳೆಯದು ಎಂದು ನನ್ನ ಲೆಕ್ಕ.

ತುಳಿಸಿಕೊಳ್ಳುವ ಈ ಸುಖವನ್ನು ಥಾಯ್ಲೆಂಡಿನವರು ಶಾಸ್ತ್ರ ಮಾಡಿದ್ದಾರೆ. ಅವರ ‘ನುವಾದ್ ಥಾಯ್’ಗೆ ಎಣ್ಣೆ ಬೇಡ, ಬಟ್ಟೆ ಬಿಚ್ಚಬೇಕಿಲ್ಲ, ನೆಲದ ಮೇಲೊಂದು ಹಾಸಿಗೆ ಸಾಕು. ಅರಮನೆಯ ಪದ್ಧತಿಯಲ್ಲಿ ಕೈ, ಹೆಬ್ಬೆರಳು ಮಾತ್ರ. ದೊರೆಯ ಮೈಗೆ ಮೊಣಕಾಲು ತಾಗಿಸುವಂತಿಲ್ಲ. ಜನಸಾಮಾನ್ಯರ ಪದ್ಧತಿಯಲ್ಲಿ ಮೊಣಕೈ, ಮೊಣಕಾಲು, ಪಾದ ಎಲ್ಲಕ್ಕೂ ಕೆಲಸ. ನನಗೆ ಎರಡನೆಯದೇ ಇಷ್ಟ. ಪಳಗಿದ ಕೈಯನ್ನು ಗುರುತಿಸುವುದು ಸುಲಭ: ತೋಳಿನ ಬಲದಿಂದ ಒತ್ತುವುದಿಲ್ಲ, ಹೆಬ್ಬೆರಳಿಟ್ಟು ತನ್ನ ಮೈಭಾರವನ್ನು ನಿಧಾನ ಇಳಿಬಿಡುತ್ತದೆ, ನೀವು ಉಸಿರು ಬಿಟ್ಟಾಗ ಇನ್ನಷ್ಟು ಇಳಿಯುತ್ತದೆ. ಮೂಳೆಯ ಮೇಲೆ ಒತ್ತಿದವನು ಕಲಿತಿಲ್ಲ ಎಂದೇ ತಿಳಿಯಿರಿ.

ಬುದ್ಧನ ಕಾಲದ ಮಗಧದ ವೈದ್ಯ ಜೀವಕನೇ ಈ ವಿದ್ಯೆಯ ಮೂಲಗುರು ಎಂದು ಅವರು ಕೈಮುಗಿಯುತ್ತಾರೆ. 19ನೇ ಶತಮಾನದಲ್ಲಿ ಮೂರನೇ ರಾಮ ದೊರೆ ಬ್ಯಾಂಕಾಕಿನ ವಾಟ್ ಫೋ ದೇಗುಲದಲ್ಲಿ, ಎಲ್ಲೆಲ್ಲಿ ಒತ್ತಬೇಕೆಂದು ತೋರಿಸುವ ಮನುಷ್ಯಾಕೃತಿಗಳನ್ನು ಕಲ್ಲಲ್ಲೇ ಕೆತ್ತಿಸಿದ. ಈಗ ಅಲ್ಲಿ ಶಾಲೆಯಿದೆ, ಸರ್ಕಾರಿ ಆಸ್ಪತ್ರೆಗಳಲ್ಲೂ ಈ ಚಿಕಿತ್ಸೆ ಸಿಗುತ್ತದೆ. 2019ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು.

ನಮ್ಮ ಬಾದಾಮಿಯಲ್ಲಿ ಕಲ್ಲಿಗೂ ಬರವಿರಲಿಲ್ಲ, ಉಳಿಗೂ ಬರವಿರಲಿಲ್ಲ. ಆದರೂ ಮೈ ಹಿಡಿಯುವ ವಿದ್ಯೆ ನಮ್ಮಲ್ಲಿ ಹಾಗೆ ಕಲ್ಲೇರಲಿಲ್ಲ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಪಾದಾಭ್ಯಂಗವನ್ನು ಇಪ್ಪತ್ತು ಉಪಭೋಗಗಳಲ್ಲಿ ಒಂದೆಂದು ಎಣಿಸಿದ್ದಾನೆ. ಭೋಗ, ಅಷ್ಟೇ. ಮೈ ಹಿಡಿಯುವ ನಮ್ಮ ಕಸುಬು ಗರಡಿಮನೆಯ ಉಸ್ತಾದರ ಅಂಗೈಯಲ್ಲಿ, ಕೂಸನ್ನು ಚಾಚಿದ ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕಿ ಎರೆಯುವ ಮುದುಕಿಯರಲ್ಲಿ ಉಳಿಯಿತು.

ಬಾಗಲಕೋಟೆ, ಇಳಕಲ್ ಎರಡೂ ಕಡೆ ಆಯುರ್ವೇದ ಕಾಲೇಜುಗಳಿವೆ. ಅಲ್ಲಿನ ಹುಡುಗರು ಅಭ್ಯಂಗ ಕಲಿಯುತ್ತಾರೆ. ಹುನಗುಂದದ ಕಡೆಯ ಒಬ್ಬ ಪೈಲ್ವಾನರನ್ನೂ ಕರೆಸಿ, ಒಣಗೈಯಲ್ಲಿ ನಡ ಹಿಡಿಯುವುದನ್ನು ಯಾಕೆ ಕಲಿಯಬಾರದು? ಹಳೆಯ ಸೊಂಟನೋವಿಗೆ ಮಾಲೀಸಿನಿಂದ ಕೆಲಕಾಲ ಆರಾಮ ಸಿಗುತ್ತದೆ, ಅದು ಅಧ್ಯಯನಗಳೂ ಒಪ್ಪುವ ಮಾತು. ಅದಕ್ಕಿಂತ ಹೆಚ್ಚು ಹೇಳುವವರನ್ನು ನಂಬಬೇಡಿ. ಜ್ವರ, ಮುರಿದ ಮೂಳೆ, ಒಂದೇ ಕಾಲಿನ ಬಾವು, ಕಾಲು ಜೋಮು ಹಿಡಿಸುವ ನಡನೋವು ಇದ್ದರೆ ಮೊದಲು ಡಾಕ್ಟರು, ಆಮೇಲೆ ಉಸ್ತಾದರು. ಬಸುರಿಯರ ಬೆನ್ನು ತುಳಿಸುವುದಂತೂ ಬೇಡವೇ ಬೇಡ.