ಬೆಂಕಿಗೂ ಮುಂಚೆ ಗಾರೆಯವರು ಬಂದಿದ್ದರು

ಇವತ್ತು 1834ರ ಅಕ್ಟೋಬರ್ 16ರ ಬೆಂಕಿಯ ಬಗ್ಗೆ ಬರೆಯಬೇಕು. ಸಂಸತ್ತು ಕೂರುತ್ತಿದ್ದ ಲಂಡನ್ನಿನ ಹಳೆಯ ವೆಸ್ಟ್‌ಮಿನ್‌ಸ್ಟರ್ ಅರಮನೆ ಉರಿದ ಕಥೆ ಈ ಅಂಕಣದ ಖಾಯಂ ಗಿರಾಕಿಗಳಿಗೆ ಬಾಯಿಪಾಠ. ಖಜಾನೆಯವರು ಲೆಕ್ಕಕ್ಕೆಂದು ಕಚ್ಚು ಹಾಕಿಟ್ಟಿದ್ದ ಹಳೇ ಕಡ್ಡಿಗಳು ಬೇಡವಾದವು. ಎರಡು ಗಾಡಿಯಷ್ಟನ್ನು ಲಾರ್ಡ್ಸ್ ಸಭೆಯ ಕೆಳಗಿನ ಒಲೆಗೆ ತುರುಕಿದರು. ಮಧ್ಯಾಹ್ನ ಸಭಾಂಗಣ ನೋಡಲು ಬಂದವರ ಕಾಲಿಗೆ ಬೂಟು ದಾಟಿ ನೆಲದ ಬಿಸಿ ತಾಗಿತು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಸಂಜೆ ಆರು ದಾಟುವಷ್ಟರಲ್ಲಿ ಕೈಮೀರಿತ್ತು.

ಕಥೆ ರಂಜನೀಯ, ಅದಕ್ಕೇ ಎಲ್ಲರೂ ಹೇಳುತ್ತಾರೆ. ಆದರೆ ಕಾಮನ್ಸ್ ಸಭೆ ಕೂರುತ್ತಿದ್ದ ಸೇಂಟ್ ಸ್ಟೀಫನ್ಸ್ ಚಾಪೆಲ್ ಬೆಂಕಿಗೆ ಆಹುತಿಯಾಯಿತು ಎನ್ನುವುದನ್ನು ನಾನು ಪೂರ್ತಿ ಒಪ್ಪುವವನಲ್ಲ. ಅದರ ಜೀವ ಮುಂಚೆಯೇ ಹೋಗಿತ್ತು. ತೆಗೆದದ್ದು ರಿಪೇರಿ.

1292ರಲ್ಲಿ ಒಂದನೇ ಎಡ್ವರ್ಡ್ ಶುರು ಮಾಡಿಸಿದ, ರಾಜಮನೆತನದ ಪ್ರಾರ್ಥನಾ ಮಂದಿರ ಅದು. ಹದಿನಾರನೇ ಶತಮಾನದ ನಡುವೆ ಕಾಮನ್ಸ್ ಪಾಲಾಯಿತು. ಗಾಯಕವೃಂದ ಎದುರುಬದುರಾಗಿ ಕೂರುತ್ತಿದ್ದ ಸಾಲುಗಳಲ್ಲಿ ಸದಸ್ಯರು ಕೂತರು, ಬಲಿಪೀಠದ ಜಾಗಕ್ಕೆ ಸ್ಪೀಕರ್ ಕುರ್ಚಿ ಬಂತು. ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ ಅದರ ಮೇಲಂತಸ್ತು ಕೆಡವಿ, ಒಳಗೋಡೆಗೆ ಹಲಗೆ ಹೊದಿಸಿದ. ಅವನೂ ಸಾಧುವಲ್ಲ. ಆದರೂ ಹಲಗೆಯ ಹಿಂದೆ ಹದಿನಾಲ್ಕನೇ ಶತಮಾನದ ಭಿತ್ತಿಚಿತ್ರಗಳು ಕ್ಷೇಮವಾಗಿದ್ದವು.

1800ರಲ್ಲಿ ಐರ್ಲೆಂಡ್ ವಿಲೀನದ ಕಾಯ್ದೆಯಾಗಿ ನೂರು ಹೊಸ ಸದಸ್ಯರು ಬರುವವರಿದ್ದರು. ಜಾಗಕ್ಕಾಗಿ ವಾಸ್ತುಶಿಲ್ಪಿ ಜೇಮ್ಸ್ ವಯಟ್ ಗೋಡೆಯನ್ನೇ ಕೆತ್ತಿ ತೆಳ್ಳಗೆ ಮಾಡಿಸಿದ. ಹಲಗೆ ತೆಗೆದೊಡನೆ ಚಿತ್ರಗಳು ಹೊಳೆದವು. ಜಾನ್ ಥಾಮಸ್ ಸ್ಮಿತ್ ಎಂಬ ಕಲಾವಿದ ಬೆಳಕು ಹರಿಯುತ್ತಲೇ ಬಂದು, ಕೆಲಸದವರು ಬರುವುದರೊಳಗೆ ನಕಲು ಮಾಡಿಕೊಳ್ಳುತ್ತಿದ್ದ. ಅವನು ಬರೆದುಕೊಂಡದ್ದನ್ನು ಇವರು ಒಡೆಯುತ್ತಿದ್ದರು. ಚೂರುಪಾರು ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ವಯಟ್‌ನ ಸಂತಾನ ನಮ್ಮಲ್ಲೂ ಸಮೃದ್ಧ. ಕಲ್ಲಿನ ದೇಗುಲಕ್ಕೆ ಆಯಿಲ್ ಪೇಂಟ್ ಬಳಿದು, ಚಪ್ಪಡಿ ನೆಲದ ಮೇಲೆ ಟೈಲ್ಸ್ ಕೂರಿಸಿ, ದಾನಿಗಳ ಪಟ್ಟಿ ಕೆತ್ತಿಸಿ ಜೀರ್ಣೋದ್ಧಾರ ಎನ್ನುತ್ತಾರೆ. ‘ಜನ ಬಳಸಬೇಕಲ್ಲ ಸ್ವಾಮಿ, ಮ್ಯೂಸಿಯಂ ಮಾಡೋಕಾಗುತ್ತಾ?’ ಎಂದು ನನಗೇ ಬುದ್ಧಿ ಹೇಳುತ್ತಾರೆ. ಆಗಲಿ. ವಯಟ್ ಅಷ್ಟೆಲ್ಲ ಕೆತ್ತಿಸಿದ ಮೇಲಾದರೂ 658 ಸದಸ್ಯರಿಗೆ ಅಲ್ಲಿ ಕೂರಲು ಜಾಗ ಸಾಲಲಿಲ್ಲ. ಬೆಂಕಿಯ ರಾತ್ರಿ ನೋಡಲು ನೆರೆದ ಗುಂಪಿನಲ್ಲಿ ಇಪ್ಪತ್ತೆರಡರ ಪ್ಯೂಜಿನ್ ಇದ್ದ; ವಯಟ್‌ನ ಕೈಚಳಕ ಬೂದಿಯಾದದ್ದಕ್ಕೆ ಪತ್ರದಲ್ಲಿ ಖುಷಿಪಟ್ಟ. ಮುಂದೆ ಹೊಸ ಅರಮನೆಯ ಒಳಾಲಂಕಾರ ಮಾಡಿದವನು ಅವನೇ.

ಇನ್ನು ಬೆಂಕಿಯ ಮಾತು ಸಾಕು. ಕಾಮನ್ಸ್ ಕೂರುತ್ತಿದ್ದ ಆ ಕೋಣೆ ನನಗೆ ಪ್ರಿಯವಾಗಿರುವುದು ಒಂದು ಭಾಷಣಕ್ಕಾಗಿ. 1785ರ ಫೆಬ್ರವರಿ 28, ಸಂಸದ ಎಡ್ಮಂಡ್ ಬರ್ಕ್, ವಿಷಯ ಆರ್ಕಾಟ್ ನವಾಬನ ಸಾಲ. 1780ರಲ್ಲಿ ನಮ್ಮ ಹೈದರಲಿ ಕರ್ನಾಟಿಕ್ ಬಯಲಿಗೆ ನುಗ್ಗಿದ್ದನ್ನು ಬೆಟ್ಟದ ಇಳಿಜಾರುಗಳಲ್ಲಿ ಕವಿದು ಒಮ್ಮೆಲೇ ಕೆಳಗೆ ಸುರಿದ ಕಾರ್ಮೋಡವಾಗಿ ಚಿತ್ರಿಸುತ್ತಾನೆ. ಉದ್ಧರಿಸುವವರೆಲ್ಲ ಅಲ್ಲಿಗೇ ನಿಲ್ಲುತ್ತಾರೆ. ದಯವಿಟ್ಟು ಮುಂದೆ ಓದಿ, ಕೆರೆಗಳು ಬರುತ್ತವೆ! ಭಾರತಕ್ಕೆ ಕಾಲಿಡದ ಆ ಐರಿಷ್‌ಮನ್ ಕರ್ನಾಟಿಕ್, ತಂಜಾವೂರುಗಳಲ್ಲಿ ದೊಡ್ಡವು, ಮಧ್ಯಮದವು ಸೇರಿ ಹತ್ತು ಸಾವಿರಕ್ಕೆ ಕಡಿಮೆಯಿಲ್ಲದ ಕೆರೆಗಳಿವೆ ಎನ್ನುತ್ತಾನೆ. ಕಟ್ಟಿಸಿದವರೇ ನಿಜವಾದ ಅರಸರು, ತಮ್ಮ ಆಯುಸ್ಸು ಮುಗಿದ ಮೇಲೂ ಪ್ರಜೆಗಳನ್ನು ಸಾಕಬೇಕೆಂದವರು ಎಂದು ಕೊಂಡಾಡುತ್ತಾನೆ. ನವಾಬನಿಗೆ ಸಾಲ ಕೊಟ್ಟ ಈಸ್ಟ್ ಇಂಡಿಯಾ ಕಂಪನಿ ನೌಕರರ ಬಡ್ಡಿಗೆ ಹಣ ಹರಿಯುವಾಗ ಏರಿ, ತೂಬುಗಳ ಗತಿಯೇನು ಎಂಬುದು ಅವನ ಸಂಕಟ. ಕಟ್ಟಡಗಳ ಬಗ್ಗೆ ಇದಕ್ಕಿಂತ ಒಳ್ಳೆಯ ಮಾತನ್ನು ನಾನು ಯಾವ ವಾಸ್ತುಶಿಲ್ಪಿಯಿಂದಲೂ ಕೇಳಿಲ್ಲ.

ಪ್ರಧಾನಿ ಪಿಟ್‌ನ ಕಡೆಯವರು ಎದ್ದು ಉತ್ತರ ಕೊಡುವ ಗೋಜಿಗೂ ಹೋಗಲಿಲ್ಲ. ಸಾಲದ ಬಗ್ಗೆ ಮಂಡನೆಯಾಗಿದ್ದ ನಿರ್ಣಯ ಬಿದ್ದುಹೋಯಿತು. ಬರ್ಕ್ ಬಿಡಲಿಲ್ಲ, ದಾಖಲೆಗಳ ಅನುಬಂಧ ಹಚ್ಚಿ ಭಾಷಣವನ್ನು ಅಚ್ಚು ಹಾಕಿಸಿದ.