ಹಾಡಿನ ಕಡತಕ್ಕೆ ಯಜಮಾನ ಯಾರು?

ಹಾಡಿನ ಕಡತವೊಂದರ ಮೇಲೆ ಎರಡು ಬಾರಿ ಕ್ಲಿಕ್ಕಿಸುತ್ತೀರಿ. ನಿನ್ನೆಯವರೆಗೆ ವಿನ್‌ಆಂಪ್ ತೆರೆದುಕೊಂಡು ಹಾಡುತ್ತಿತ್ತು. ಇಂದು ಬೇರಾವುದೋ ತಂತ್ರಾಂಶ ಪರದೆಯ ತುಂಬ ಹರಡಿಕೊಳ್ಳುತ್ತದೆ. ಇಲ್ಲವೇ, ಈ ಕಡತವನ್ನು ಯಾವುದರಿಂದ ತೆರೆಯಲಿ ಎಂದು ಗಣಕ ನಿಮ್ಮನ್ನೇ ಕೇಳುತ್ತದೆ. ಹಾಡು ಕೆಟ್ಟಿಲ್ಲ, ವಿನ್‌ಆಂಪ್ ಕೂಡ ಕೆಟ್ಟಿಲ್ಲ. ಇವೆರಡರ ನಡುವಿನ ನಂಟು ಮಾತ್ರ ಕಡಿದಿದೆ. ಫೈಲ್ ಅಸೋಸಿಯೇಷನ್ ಎಂದು ಕರೆಯಲಾಗುವ ಇದನ್ನು ನಾವು ಇಲ್ಲಿ ಕಡತದ ನಂಟು ಎನ್ನೋಣ.

ಇದೊಂದು ಚಿಲ್ಲರೆ ತೊಂದರೆಯೆಂದು ತಳ್ಳಿಹಾಕುವಂತಿಲ್ಲ. ನನಗೆ ಪರಿಚಯವಿರುವ ಶಿಕ್ಷಕಿಯೊಬ್ಬರು ಮಕ್ಕಳ ಪದ್ಯವಾಚನವನ್ನು ಎರಡು ವರ್ಷಗಳ ಕಾಲ ಧ್ವನಿಮುದ್ರಿಸಿ ಶಾಲೆಯ ಗಣಕದಲ್ಲಿ ಇಟ್ಟಿದ್ದರು. ಒಂದು ದಿನ ಅವು ತೆರೆಯಲಿಲ್ಲ. ರಿಪೇರಿಗೆ ಬಂದವರು ವೈರಸ್ ಎಂದು ತೀರ್ಮಾನಿಸಿ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಹೋದರು. ಆ ಸಂಜೆ ಅವರು ವಿವರಿಸಿದ ಲಕ್ಷಣಗಳನ್ನು ಕೇಳಿದಾಗ ಕಡಿದದ್ದು ನಂಟಷ್ಟೇ ಎಂದು ನನಗೆ ಸ್ಪಷ್ಟವಾಯಿತು. ಎರಡು ನಿಮಿಷದ ಕೆಲಸ. ಆದರೆ ಆ ಧ್ವನಿಗಳು ಮರಳಿ ಬರಲಿಲ್ಲ. ಇಂತಹ ಸಂದರ್ಭಗಳಲ್ಲಿ ನಾವು ಬಳಕೆದಾರರನ್ನು ದೂರುತ್ತೇವೆ: "ಏನೋ ಒತ್ತಿಬಿಟ್ಟಿರಬೇಕು." ದೋಷವಿರುವುದು ಬಳಕೆದಾರರಲ್ಲಿ ಅಲ್ಲ, ಈ ವ್ಯವಸ್ಥೆಯ ರಚನೆಯಲ್ಲೇ ಎಂಬುದು ನನ್ನ ಅಭಿಪ್ರಾಯ.

ಮೊದಲು ಆ ರಚನೆಯನ್ನು ನೋಡೋಣ. ಕಡತದ ಹೆಸರಿನ ಕೊನೆಯಲ್ಲಿ ಚುಕ್ಕೆಯ ನಂತರ ಬರುವ ಎಂಪಿ3, ಡಬ್ಲ್ಯೂಎವಿ, ಓಜಿಜಿ ಮುಂತಾದ ಅಕ್ಷರಗಳಿಗೆ ಎಕ್ಸ್‌ಟೆನ್ಶನ್ ಎಂದು ಹೆಸರು. ಬಾಲಂಗೋಚಿ ಎಂದರೆ ಹೆಚ್ಚು ಒಪ್ಪುತ್ತದೆ. ಸಿಪಿ/ಎಂ ಮತ್ತು ಡಾಸ್ ಕಾಲದಲ್ಲಿ ಹೆಸರಿಗೆ ಎಂಟು, ಬಾಲಕ್ಕೆ ಮೂರು ಅಕ್ಷರಗಳಷ್ಟೇ ಲಭ್ಯವಿದ್ದವು. ಎಂಪಿ3 ಎಂಬ ಬಾಲ ಹುಟ್ಟಿದ್ದು 1995ರ ಜುಲೈಯಲ್ಲಿ, ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಸಂಶೋಧಕರು ತಮ್ಮೊಳಗೇ ಅಭಿಪ್ರಾಯ ಸಂಗ್ರಹಿಸಿ ಆರಿಸಿದಾಗ. ಅದೇ ವರ್ಷ ಬಂದ ವಿಂಡೋಸ್ 95, ಯಾವ ಬಾಲಕ್ಕೆ ಯಾವ ತಂತ್ರಾಂಶ ಎಂಬ ವಿವರವನ್ನು ರಿಜಿಸ್ಟ್ರಿ ಎಂಬ ದೊಡ್ಡ ದಾಖಲೆ ಪುಸ್ತಕದಲ್ಲಿ ಬರೆದಿಡುತ್ತಿತ್ತು. ವಿಂಡೋಸ್ ಇಂದಿಗೂ ಈ ಪುಸ್ತಕವನ್ನು ಬಿಟ್ಟಿಲ್ಲ.

ನಂಟು ಎರಡು ಹೆಜ್ಜೆಗಳಲ್ಲಿ ಏರ್ಪಡುತ್ತದೆ. ಮೊದಲ ಹೆಜ್ಜೆಯಲ್ಲಿ, ಎಂಪಿ3 ಎಂಬ ಬಾಲಕ್ಕೆ 'ವಿನ್‌ಆಂಪ್ ಫೈಲ್' ಎಂಬ ಒಂದು ವರ್ಗದ ಹೆಸರು. ಎರಡನೆಯದರಲ್ಲಿ, ಆ ವರ್ಗದ ಕಡತ ಬಂದರೆ ನಡೆಸಬೇಕಾದ ಆಜ್ಞೆ: ಇಂತಹ ಜಾಗದಲ್ಲಿರುವ ವಿನ್‌ಆಂಪನ್ನು ಎಬ್ಬಿಸಿ, ಅದರ ಕೈಗೆ ಕಡತದ ಹೆಸರನ್ನು ಕೊಡು. ವಿನ್‌ಆಂಪನ್ನು ಗಣಕದಿಂದ ತೆಗೆದುಹಾಕಿದಾಗ ಎರಡನೆಯ ದಾಖಲೆ ಅಳಿದು ಮೊದಲನೆಯದು ಉಳಿದುಬಿಡುವುದುಂಟು. ಆಗ ಬಾಲ ಒಂದು ಹೆಸರನ್ನು ತೋರಿಸುತ್ತದೆ, ಆ ಹೆಸರಿನವರು ಮನೆಯಲ್ಲಿಲ್ಲ. ಯಾವುದರಿಂದ ತೆರೆಯಲಿ ಎಂಬ ಪ್ರಶ್ನೆ ಹುಟ್ಟುವುದು ಹೀಗೆ.

ತೊಂದರೆ ಏನೆಂದರೆ, ಈ ಪುಸ್ತಕದಲ್ಲಿ ಯಾರು ಬೇಕಾದರೂ ಬರೆಯಬಹುದಿತ್ತು. ಬರೆದವರು ಯಾರು, ಯಾವಾಗ ಬರೆದರು ಎಂಬುದನ್ನು ಬಳಕೆದಾರರಿಗೆ ತೋರಿಸುವ ಏರ್ಪಾಡು ಇರಲಿಲ್ಲ. ನೀವು ಯೋಚಿಸಿ ಮಾಡಿದ ಆಯ್ಕೆಗೂ ನಿನ್ನೆ ಸ್ಥಾಪಿಸಿದ ತಂತ್ರಾಂಶ ತಾನಾಗಿ ಗೀಚಿದ್ದಕ್ಕೂ ಅಲ್ಲಿ ಭೇದವಿಲ್ಲ. ಪ್ರಯೋಗಶಾಲೆಯ ದಾಖಲೆ ಪುಸ್ತಕವನ್ನು ಯಾವ ವಿಜ್ಞಾನ ಶಿಕ್ಷಕರಾದರೂ ಹೀಗೆ ಇಡಲು ಬಿಡುತ್ತಾರೆಯೇ?

ಸಂಗೀತ ತಂತ್ರಾಂಶಗಳ ನಡುವೆ ಇದು ಕಾಳಗಕ್ಕೇ ತಿರುಗಿತು. ಜಸ್ಟಿನ್ ಫ್ರಾಂಕೆಲ್ ಮತ್ತು ಡಿಮಿಟ್ರಿ ಬೋಲ್ಡಿರೆವ್ 1997ರಲ್ಲಿ ಹೊರತಂದ ವಿನ್‌ಆಂಪ್ ಹಗುರವಾದ, ಚೊಕ್ಕ ತಂತ್ರಾಂಶ. ಅದನ್ನು ಮೆಚ್ಚುವವರಲ್ಲಿ ನಾನೂ ಒಬ್ಬ. ಅದರ ಆಯ್ಕೆಗಳ ಪುಟದಲ್ಲಿ 'ಫೈಲ್ ಟೈಪ್ಸ್' ಎಂಬ ಪಟ್ಟಿಯಿದೆ. ಯಾವ ಯಾವ ಬಾಲಗಳು ತನಗೆ ಸೇರಬೇಕೆಂದು ಒಂದೊಂದನ್ನೇ ಗುರುತಿಸಲು ಅಲ್ಲಿ ಅವಕಾಶವಿದೆ. ಈ ಸೌಜನ್ಯವನ್ನು ಎಲ್ಲ ತಂತ್ರಾಂಶಗಳೂ ತೋರಲಿಲ್ಲ. ಆದರೆ ಅದೇ ಪುಟದಲ್ಲಿ, ಪ್ರತಿ ಬಾರಿ ತಾನು ಚಾಲನೆಗೊಂಡಾಗ ನಂಟುಗಳನ್ನು ಮರಳಿ ಸ್ಥಾಪಿಸಿಕೊಳ್ಳುವ ಇನ್ನೊಂದು ಆಯ್ಕೆಯನ್ನೂ ಇಟ್ಟರು. ಪರದೆಯ ಮೂಲೆಯಲ್ಲಿ ಕುಳಿತಿರುತ್ತಿದ್ದ ವಿನ್‌ಆಂಪ್ ಏಜೆಂಟ್ ಎಂಬ ಪುಟ್ಟ ಕಾವಲುಗಾರನಿಗೂ ಈ ನಂಟುಗಳನ್ನು ಕಾಯುವ ಕೆಲಸವಿತ್ತು.

ಅದು ಆತ್ಮರಕ್ಷಣೆ ಎಂದು ವಾದಿಸಬಹುದು, ಏಕೆಂದರೆ ಎದುರಾಳಿಗಳು ಕೇಳದೆಯೇ ನಂಟನ್ನು ಕಸಿಯುತ್ತಿದ್ದ ಕಾಲ ಅದು. ಆದರೆ ಎರಡು ತಂತ್ರಾಂಶಗಳು ಇದೇ ಉಪಾಯ ಹೂಡಿದರೆ ಏನಾದೀತು? ಕೊನೆಗೆ ಯಾವುದನ್ನು ತೆರೆದಿದ್ದೀರೋ ಅದು ಗೆಲ್ಲುತ್ತದೆ. ಬೆಳಿಗ್ಗೆ ಒಂದು ತೆರೆಯುತ್ತದೆ, ಸಂಜೆ ಇನ್ನೊಂದು. ಕಾರಣ ತಿಳಿಯದ ವಿದ್ಯಾರ್ಥಿಗೆ ಗಣಕಕ್ಕೆ ತನ್ನದೇ ಮನಸ್ಸಿದೆ ಎನ್ನಿಸುತ್ತದೆ. ಕಾರ್ಯಕಾರಣ ಸಂಬಂಧವನ್ನು ಕಲಿಸಬೇಕಾದ ಯಂತ್ರ ಮೂಢನಂಬಿಕೆಯನ್ನು ಕಲಿಸುತ್ತದೆ. ನನಗೆ ಬೇಸರ ತರುವುದು ಇದೇ.

ಹಾಗೆಂದು ತೆರೆಯದ ಕಡತಗಳಿಗೆಲ್ಲ ಕಸಿದ ನಂಟೇ ಕಾರಣ ಎನ್ನುವಂತಿಲ್ಲ. ಲಕ್ಷಣ ಒಂದೇ ಆದರೂ ರೋಗ ಬೇರೆ ಇರಬಹುದು. ಎರಡನೆಯ ಹೆಜ್ಜೆಯ ಆಜ್ಞೆಯಲ್ಲಿ ಕಡತದ ಹೆಸರು ಬರುವ ಜಾಗವನ್ನು ಉದ್ಧರಣ ಚಿಹ್ನೆಗಳ ನಡುವೆ ಇಡಬೇಕು. ಯಾರಾದರೂ ಅವನ್ನು ಬಿಟ್ಟರೆ, ಹೆಸರಿನ ನಡುವೆ ಖಾಲಿ ಜಾಗವಿರುವ ಕಡತ ತುಂಡಾಗುತ್ತದೆ. 'ನನ್ನ ಹಾಡು' ಎಂಬುದು 'ನನ್ನ' ಮತ್ತು 'ಹಾಡು' ಎಂಬ ಎರಡು ಕಡತಗಳಾಗಿ ತಂತ್ರಾಂಶಕ್ಕೆ ಕಾಣುತ್ತದೆ, ಎರಡೂ ಸಿಗುವುದಿಲ್ಲ. ಒಂದೇ ಪದದ ಹೆಸರಿನ ಕಡತ ಮಾತ್ರ ತೆರೆಯುತ್ತಿದೆ ಎಂದಾದರೆ ಸಂಶಯ ಇಲ್ಲಿಗೇ ಹೋಗಬೇಕು.

ಕನ್ನಡದವರಿಗೆ ಇನ್ನೊಂದು ವಿಶೇಷ ರೋಗವಿದೆ. ವಿಂಡೋಸ್‌ನ ಹಳೆಯ ತಂತ್ರಾಂಶಗಳು ಯೂನಿಕೋಡ್ ಬಳಸದೆ, ಒಂದೊಂದು ಭಾಷಾ ಗುಂಪಿಗೆಂದು ಸಿದ್ಧಪಡಿಸಿದ ಸಂಕೇತ ಪುಟಗಳನ್ನು ನಂಬಿಕೊಂಡಿದ್ದವು. ರಷ್ಯನ್, ಗ್ರೀಕ್, ಅರೇಬಿಕ್ ಭಾಷೆಗಳಿಗೆ ಅಂತಹ ಪುಟಗಳಿದ್ದವು. ಕನ್ನಡಕ್ಕೆ ಇರಲಿಲ್ಲ. ಕನ್ನಡ ವಿಂಡೋಸ್‌ಗೆ ಬಂದದ್ದೇ ಯೂನಿಕೋಡ್ ಮೂಲಕ. ಹೀಗಾಗಿ 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕಡತಕ್ಕೆ ಕನ್ನಡದಲ್ಲೇ ಹೆಸರಿಡಬಹುದಾಗಿದ್ದರೂ, ಹಳೆಯ ತಂತ್ರಾಂಶದ ಕೈಗೆ ಆ ಹೆಸರು ತಲುಪುವಾಗ ಪ್ರತಿ ಅಕ್ಷರವೂ ಪ್ರಶ್ನಾರ್ಥಕ ಚಿಹ್ನೆಯಾಗುತ್ತಿತ್ತು. ವಿಂಡೋಸ್‌ನಲ್ಲಿ ಕಡತದ ಹೆಸರಿಗೆ ಬಳಸಲು ನಿಷೇಧವಿರುವ ಚಿಹ್ನೆಗಳಲ್ಲಿ ಅದೂ ಒಂದು! ಅಂತಹ ಹೆಸರಿನ ಕಡತ ಸಿಗುವುದಾದರೂ ಹೇಗೆ? ತಂತ್ರಾಂಶ 'ಕಡತವಿಲ್ಲ' ಎನ್ನುತ್ತದೆ, ಬಳಕೆದಾರರು ನಂಟನ್ನು ಮತ್ತೆ ಮತ್ತೆ ಸರಿಪಡಿಸುತ್ತ ಕೂರುತ್ತಾರೆ. ಕಡತದ ಪ್ರತಿಯೊಂದಕ್ಕೆ ರೋಮನ್ ಲಿಪಿಯ ಹೆಸರಿಟ್ಟು ಪರೀಕ್ಷಿಸಿದರೆ ಸಂಗತಿ ಬಯಲಾಗುತ್ತದೆ. ಹಳೆಯ ತಂತ್ರಾಂಶವನ್ನು ಇನ್ನೂ ಕೈಬಿಡದ ಗಣಕಗಳಲ್ಲಿ ಇದು ಈಗಲೂ ಎದುರಾಗಬಹುದು.

ಮೂರನೆಯದು, ಬಾಲವೇ ಸುಳ್ಳು ಹೇಳುವುದು. ಓಜಿಜಿ ಕಡತದ ಬಾಲ ಕತ್ತರಿಸಿ ಎಂಪಿ3 ಎಂದು ಬರೆದರೆ ಅದು ಎಂಪಿ3 ಆಗುವುದಿಲ್ಲ. ಕತ್ತೆಗೆ ಪಟ್ಟೆ ಬಳಿದರೆ ಜೀಬ್ರಾ ಆಗದಂತೆ. ಕಡತದ ನಿಜವಾದ ಜಾತಿ ಅದರ ಮೊದಲ ಕೆಲವು ಬೈಟುಗಳಲ್ಲಿದೆ. ಓಜಿಜಿ ಕಡತವು ಓ, ಜಿ, ಜಿ, ಎಸ್ ಎಂಬ ನಾಲ್ಕು ಅಕ್ಷರಗಳಿಂದಲೂ, ಡಬ್ಲ್ಯೂಎವಿ ಕಡತವು ಸಾಮಾನ್ಯವಾಗಿ ಆರ್, ಐ, ಎಫ್, ಎಫ್ ಎಂಬುದರಿಂದಲೂ ಆರಂಭವಾಗುತ್ತವೆ. ಹಾಡಿನ ವಿವರಗಳನ್ನು ಮುಂಭಾಗದಲ್ಲೇ ಹೊತ್ತ ಎಂಪಿ3 ಕಡತದ ಮೊದಲ ಮೂರು ಅಕ್ಷರಗಳು ಐ, ಡಿ, 3. ವಿದ್ಯಾರ್ಥಿಗಳು ಇದನ್ನು ನೋಟ್‌ಪ್ಯಾಡಿನಲ್ಲಿ ತೆರೆದೇ ನೋಡಬಹುದು. ಮೂಲ ಕಡತವನ್ನಲ್ಲ, ಅದರ ಪ್ರತಿಯನ್ನು ತೆರೆಯಿರಿ. ಉಳಿಸಲೇ ಎಂದು ಅದು ಕೇಳಿದರೆ ಬೇಡವೆನ್ನಿ.

ಹಾಗಿದ್ದರೆ ಬಾಲವನ್ನು ನಂಬುವ ಬದಲು ಈ ಬೈಟುಗಳನ್ನೇ ಓದಬಾರದೇಕೆ? ಲಿನಕ್ಸ್ ಮತ್ತು ಯೂನಿಕ್ಸ್‌ಗಳಲ್ಲಿರುವ 'ಫೈಲ್' ಎಂಬ ಆಜ್ಞೆ ಇದನ್ನೇ ಮಾಡುತ್ತದೆ. ಆದರೆ ಅಲ್ಲಿಯೂ ಕಡತಗಳನ್ನು ತೋರಿಸುವ ಕಿಟಕಿಗಳು ಹೆಚ್ಚಾಗಿ ಮೊದಲು ಹೆಸರಿನ ಬಾಲವನ್ನೇ ನೋಡುತ್ತವೆ, ಏಕೆಂದರೆ ಸಾವಿರ ಕಡತಗಳನ್ನು ಒಂದೊಂದಾಗಿ ತೆರೆದು ನೋಡುವುದು ನಿಧಾನದ ಕೆಲಸ. ಆಪಲ್ ಕಂಪನಿಯ ಮ್ಯಾಕಿಂಟೋಷ್ 1984ರಲ್ಲೇ ಬೇರೊಂದು ದಾರಿ ಹಿಡಿದಿತ್ತು. ಅಲ್ಲಿ ಪ್ರತಿ ಕಡತಕ್ಕೂ ನಾಲ್ಕು ಅಕ್ಷರಗಳ ಎರಡು ಗುಪ್ತ ಚೀಟಿಗಳಿದ್ದವು. ಒಂದು ಕಡತದ ಬಗೆಯನ್ನು, ಇನ್ನೊಂದು ಅದನ್ನು ಸೃಷ್ಟಿಸಿದ ತಂತ್ರಾಂಶವನ್ನು ಹೇಳುತ್ತಿತ್ತು. 'ಇದೇನು' ಮತ್ತು 'ಇದನ್ನು ತೆರೆಯುವವರಾರು' ಎಂಬ ಎರಡು ಪ್ರಶ್ನೆಗಳನ್ನು ಬೇರ್ಪಡಿಸಿದ್ದು ಜಾಣತನ. ಆದರೆ ಕಡತ ಬೇರೆ ಬಗೆಯ ಗಣಕಕ್ಕೆ ಹೋಗಿ ಮರಳಿದರೆ ಚೀಟಿಗಳು ಉದುರಿಹೋಗುತ್ತಿದ್ದವು. 2009ರಲ್ಲಿ ಬಂದ ಮ್ಯಾಕ್ ಓಎಸ್ ಎಕ್ಸ್ 10.6 ಸೃಷ್ಟಿಕರ್ತನ ಚೀಟಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು.

ಬಾಲವನ್ನೇ ನಂಬುವುದಾದರೆ ಅದನ್ನು ಕಣ್ಣಿಗೆ ಕಾಣುವಂತಾದರೂ ಇಡಬೇಕಿತ್ತು. ವಿಂಡೋಸ್ 95ರಿಂದ ಮೊದಲ್ಗೊಂಡು, ತನಗೆ ಗೊತ್ತಿರುವ ಬಾಲಗಳನ್ನು ವಿಂಡೋಸ್ ತಾನಾಗಿಯೇ ಮರೆಮಾಡುತ್ತದೆ. ಇದರ ಬೆಲೆ 2000ದ ಮೇ ತಿಂಗಳಿನಲ್ಲಿ ಜಗತ್ತಿಗೆ ತಿಳಿಯಿತು. 'ಐ ಲವ್ ಯೂ' ಎಂಬ ಹುಳು ಮಿಂಚಂಚೆಯಲ್ಲಿ ಪ್ರೇಮಪತ್ರದ ವೇಷದಲ್ಲಿ ಬಂತು. ಹೆಸರಿನಲ್ಲಿ ಟಿಎಕ್ಸ್‌ಟಿ ಎಂದಿತ್ತು, ಅದರ ಮುಂದಿದ್ದ ವಿಬಿಎಸ್ ಎಂಬ ನಿಜವಾದ ಬಾಲ ಮರೆಯಲ್ಲಿತ್ತು. ಗಣಕದೊಳಗೆ ಸೇರಿದ ಮೇಲೆ ಅದು ಎಂಪಿ3 ಹಾಡುಗಳನ್ನು ಅಡಗಿಸಿ, ಅವೇ ಹೆಸರುಗಳಿಗೆ ವಿಬಿಎಸ್ ಬಾಲ ಸೇರಿಸಿ ತನ್ನ ಪ್ರತಿಗಳನ್ನು ಇಟ್ಟಿತು. ಹಾಡೆಂದು ಕ್ಲಿಕ್ಕಿಸಿದವರು ಹುಳುವನ್ನೇ ಮತ್ತೆ ಓಡಿಸಿದರು. ಬಾಲಗಳು ಮರೆಯಾಗಿರುವ ಗಣಕದಲ್ಲಿ ಉಳಿದ ಹಾಡುಗಳಿಗೆ ಬಾಲವೇ ಕಾಣದಿರುವಾಗ ಒಂದಕ್ಕೆ ಮಾತ್ರ ಎಂಪಿ3 ಎಂದು ಕಂಡರೆ ಸಂಶಯಪಡಬೇಕು. ಆದರೆ ಇದು ಹೊಳೆಯಲು ಬಾಲಗಳ ವಿಷಯ ಮೊದಲೇ ತಿಳಿದಿರಬೇಕಲ್ಲವೇ! ಬಾಲಗಳನ್ನು ತೋರಿಸುವ ಆಯ್ಕೆ ಎಕ್ಸ್‌ಪಿಯಲ್ಲಿ ಫೋಲ್ಡರ್ ಆಪ್ಷನ್ಸ್ ಎಂಬಲ್ಲಿತ್ತು, ವಿಂಡೋಸ್ 11ರಲ್ಲಿ ಕಡತಗಳ ಕಿಟಕಿಯ ವ್ಯೂ ಪಟ್ಟಿಯಲ್ಲಿದೆ. ಶಾಲೆಯ ಗಣಕದಲ್ಲಿ ಮೊದಲು ಬದಲಿಸಬೇಕಾದದ್ದು ಇದನ್ನೇ.

ಮೈಕ್ರೋಸಾಫ್ಟ್ ಈ ಕಾಳಗಕ್ಕೆ ತೆರೆ ಎಳೆಯಲು ಹೊರಟದ್ದು ನಿಧಾನವಾಗಿ. ವಿಂಡೋಸ್ ವಿಸ್ಟಾದಲ್ಲಿ ಬಳಕೆದಾರರ ಆಯ್ಕೆಗೆಂದು ರಿಜಿಸ್ಟ್ರಿಯಲ್ಲಿ 'ಯೂಸರ್ ಚಾಯ್ಸ್' ಎಂಬ ಪ್ರತ್ಯೇಕ ಜಾಗ ಬಂತು. 2012ರ ವಿಂಡೋಸ್ 8 ಆ ಜಾಗಕ್ಕೆ ಹ್ಯಾಶ್ ಎಂಬ ಮುದ್ರೆ ಒತ್ತಿತು. ಮುದ್ರೆ ತಾಳೆಯಾಗದಿದ್ದರೆ ಬದಲಾವಣೆ ಊರ್ಜಿತವಲ್ಲ. ತತ್ತ್ವ ಸರಿಯಾದದ್ದೇ: ನಂಟನ್ನು ಬದಲಿಸುವ ಹಕ್ಕು ತಂತ್ರಾಂಶದ್ದಲ್ಲ, ಮನುಷ್ಯರದ್ದು. ಅಂದಿನಿಂದ ವಿನ್‌ಆಂಪ್‌ನ ಪಟ್ಟಿಯಲ್ಲಿ ಗುರುತು ಹಾಕಿದರಷ್ಟೇ ಸಾಲದು, ವಿಂಡೋಸ್‌ನ ಆಯ್ಕೆಗಳ ಪುಟಕ್ಕೇ ಹೋಗಿ ಅದನ್ನು ಆರಿಸಬೇಕು. ಹಳೆಯ ಪುಸ್ತಕಗಳ ಸಲಹೆ ಫಲಿಸದಿರುವುದಕ್ಕೆ ಕಾರಣ ಇದು. ಇನ್ನೊಂದು ಗೊಂದಲವೂ ಸೇರಿಕೊಂಡಿತು. ಕಪ್ಪು ಕಿಟಕಿಯಲ್ಲಿ 'ಅಸೋಕ್' ಎಂಬ ಹಳೆಯ ಆಜ್ಞೆ ಕೊಟ್ಟರೆ ಎಂಪಿ3 ವಿನ್‌ಆಂಪ್‌ಗೆ ಸೇರಿದೆ ಎಂಬ ಉತ್ತರ ಬರಬಹುದು. ಕ್ಲಿಕ್ಕಿಸಿದರೆ ತೆರೆಯುವುದು ಬೇರೆಯದೇ. ಅಸೋಕ್ ನೋಡುವುದು ಹಳೆಯ ಪುಟವನ್ನು, ಕ್ಲಿಕ್ಕು ನೋಡುವುದು ಯೂಸರ್ ಚಾಯ್ಸ್ ಅನ್ನು. ಎರಡೂ ಸುಳ್ಳಲ್ಲ, ಆದರೆ ಈ ಸಂಗತಿಯನ್ನು ಹೇಳುವ ಒಂದು ಪರದೆಯೂ ಇಲ್ಲ.

ಮನುಷ್ಯರ ಹಕ್ಕು ಎಂದೆ. 2015ರಲ್ಲಿ ವಿಂಡೋಸ್ 10ಕ್ಕೆ ಬಡ್ತಿ ಪಡೆದವರಿಗೆ ಒಂದು ಪರದೆ ಎದುರಾಯಿತು. ಚಿತ್ರ, ಸಂಗೀತ, ಚಲನಚಿತ್ರ, ಜಾಲವೀಕ್ಷಣೆ ನಾಲ್ಕಕ್ಕೂ ಮೈಕ್ರೋಸಾಫ್ಟ್‌ನದೇ ತಂತ್ರಾಂಶಗಳನ್ನು ಅದು ಸಾರುತ್ತಿತ್ತು. ಸಂಗೀತಕ್ಕೆ ಅದು ಹೇಳುತ್ತಿದ್ದದ್ದು ಗ್ರೂವ್ ಮ್ಯೂಸಿಕ್. ಬೇಡವೆನ್ನುವವರು ಕೆಳಗಿನ ಸಣ್ಣಕ್ಷರದ ಸಾಲನ್ನು ಹುಡುಕಿ ಒತ್ತಬೇಕಿತ್ತು. ಫೈರ್‌ಫಾಕ್ಸ್‌ನ ತಯಾರಕರಾದ ಮೊಜಿಲ್ಲಾ ಸಂಸ್ಥೆಯ ಮುಖ್ಯಸ್ಥ ಕ್ರಿಸ್ ಬಿಯರ್ಡ್ ಆ ಜುಲೈಯಲ್ಲಿ ಇದನ್ನು ವಿರೋಧಿಸಿ ಮೈಕ್ರೋಸಾಫ್ಟ್‌ಗೆ ಬಹಿರಂಗ ಪತ್ರ ಬರೆದರು. ಬೇಲಿ ಹಾಕಿದ್ದು ಸರಿಯೇ. ಬೇಲಿಯೇ ಎದ್ದು ಹೊಲ ಮೇಯ್ದರೆ ಏನು ಹೇಳುವುದು?

ಪರಿಹಾರ ಸರಳ. ಕಡತದ ಮೇಲೆ ಮೌಸಿನ ಬಲಗುಂಡಿ ಒತ್ತಿ, ಓಪನ್ ವಿತ್ ಎಂಬಲ್ಲಿ ಬೇಕಾದ ತಂತ್ರಾಂಶ ಆರಿಸಿ, 'ಯಾವಾಗಲೂ ಇದನ್ನೇ ಬಳಸು' ಎಂಬರ್ಥದ ಗುರುತು ಹಾಕಿ. ಒಮ್ಮೆಗೆ ಒಂದೇ ಬಾಲ ಬದಲಾಗುತ್ತದೆ, ಆದ್ದರಿಂದ ಎಂಪಿ3, ಡಬ್ಲ್ಯೂಎವಿ, ಓಜಿಜಿ ಪ್ರತಿಯೊಂದಕ್ಕೂ ಇದನ್ನು ಮಾಡಬೇಕು. ಇದಕ್ಕೂ ಮುಂಚೆ ತಂತ್ರಾಂಶವನ್ನು ಮೊದಲು ತೆರೆದು, ಅದರ ಒಳಗಿನಿಂದಲೇ ಹಾಡನ್ನು ನುಡಿಸಿ ನೋಡಿ. ಅಲ್ಲಿ ಹಾಡಿದರೆ ಕೆಟ್ಟಿರುವುದು ನಂಟು ಅಥವಾ ಅದರ ಆಜ್ಞೆ. ಅಲ್ಲಿಯೂ ಹಾಡದಿದ್ದರೆ ಕಡತದ ಹೆಸರನ್ನು, ಆಮೇಲೆ ಮೊದಲ ಬೈಟುಗಳನ್ನು ಪರೀಕ್ಷಿಸಿ. ಡಿಸ್ಕನ್ನು ಅಳಿಸುವ ಮಾತು ಬಂದರೆ, ಕಡತಗಳ ಪ್ರತಿಯನ್ನು ಬೇರೆ ಕಡೆ ತೆಗೆದಿರಿಸುವವರೆಗೆ ಯಾರಿಗೂ ಒಪ್ಪಿಗೆ ಕೊಡಬೇಡಿ.