ಕ್ಯಾಮೆರಾ ತಿರುಗದ ಕಡೆ

‘ವೈಲ್ಡ್ ಕರ್ನಾಟಕ’ ನೋಡಿ ಮೆಚ್ಚದವರನ್ನು ನಾನು ಕಂಡಿಲ್ಲ. ನಾನೂ ಮೆಚ್ಚಿದವಳೇ. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮ ಅರಣ್ಯ ಇಲಾಖೆಯ ಜೊತೆಗೂಡಿ ವರ್ಷಗಟ್ಟಲೆ ಕಾಡು ಸುತ್ತಿ ಮಾಡಿದ ಈ ಸಾಕ್ಷ್ಯಚಿತ್ರ 2020ರ ಜನವರಿಯಲ್ಲಿ ಚಿತ್ರಮಂದಿರಗಳಿಗೇ ಬಂತು. ನಿರೂಪಣೆ ಡೇವಿಡ್ ಅಟೆನ್‌ಬರೋ ಅವರದು. ಅದೇ ವರ್ಷ ಟಿ.ವಿ.ಯಲ್ಲಿ ರಿಷಬ್ ಶೆಟ್ಟಿಯವರ ದನಿಯಲ್ಲಿ ಕನ್ನಡದಲ್ಲೂ ಕೇಳಿದೆವು. 67ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಎರಡು ಅದರ ಪಾಲಿಗೆ ಬಂದವು. ಇಷ್ಟಾದ ಮೇಲೂ ನನಗೊಂದು ತಕರಾರಿದೆ: ಅದರಲ್ಲಿ ನಾವಿಲ್ಲ.

ನಾವೆಂದರೆ ಕಾಡಿನ ಮಗ್ಗುಲಲ್ಲಿ ಬದುಕುವವರು. ಹರದನಹಳ್ಳಿಯಿಂದ ಪೂರ್ವಕ್ಕೆ ನೋಡಿದರೆ ಬಿಳಿಗಿರಿರಂಗನ ಬೆಟ್ಟ, ಪಶ್ಚಿಮಕ್ಕೆ ಗುಂಡ್ಲುಪೇಟೆ ದಾಟಿದರೆ ಬಂಡೀಪುರ. ಈ ಚಿತ್ರದ ಕಾಡಿಗೆ ಅಂಚೆಂಬುದೇ ಇಲ್ಲ. ಆನೆ ಕಂದಕವಿಲ್ಲ, ಸೋಲಾರ್ ಬೇಲಿಯಿಲ್ಲ, ಮುಸುಕಿನ ಜೋಳದ ಹೊಲವಿಲ್ಲ. ಮನುಷ್ಯರನ್ನು ಹೊರಗಿಟ್ಟು ಪ್ರಾಣಿಗಳನ್ನಷ್ಟೇ ವೈಭವದಿಂದ ತೋರಿಸುವ ಇಂಥ ಚಿತ್ರಗಳಿಗೆ ಆ ವೃತ್ತಿಯಲ್ಲಿ ‘ಬ್ಲೂ ಚಿಪ್’ ಎಂದು ಹೆಸರು. ಜನ ಮೊದಲು ಕಾಡನ್ನು ಪ್ರೀತಿಸಲಿ, ಉಳಿದದ್ದು ಆಮೇಲೆ ಎಂಬುದು ಅದರ ಹಿಂದಿನ ಯೋಚನೆ. ತಪ್ಪೆನ್ನಲಾರೆ. ಆದರೆ ಆ ‘ಆಮೇಲೆ’ ಬರುವುದು ಯಾವಾಗ?

ಗುಂಡ್ಲುಪೇಟೆಯಲ್ಲಿ ಊಟಿ ಬಸ್ಸು ಹತ್ತಿದರೆ ಬಂಡೀಪುರ ಮುಗಿಯುತ್ತಲೇ ತಮಿಳುನಾಡಿನ ತೆಪ್ಪಕಾಡು ಆನೆ ಶಿಬಿರ ಸಿಗುತ್ತದೆ. 2023ರಲ್ಲಿ ಆಸ್ಕರ್ ಪಡೆದ, ಕಾರ್ತಿಕಿ ಗೊನ್ಸಾಲ್ವಿಸ್ ನಿರ್ದೇಶನದ ‘ದಿ ಎಲಿಫೆಂಟ್ ವಿಸ್ಪರರ್ಸ್’ ಅಲ್ಲಿಯದು. ಅಲ್ಲಿ ಮನುಷ್ಯರಿದ್ದಾರೆ. ತಬ್ಬಲಿ ಆನೆಮರಿಯನ್ನು ಸ್ವಂತ ಕೂಸಿನ ಹಾಗೆ ಸಾಕುವ ಬೊಮ್ಮನ್ ಮತ್ತು ಬೆಳ್ಳಿಯನ್ನು ನೋಡಿ ನನ್ನ ಕಣ್ಣೂ ತುಂಬಿ ಬಂತು. ಆದರೆ ರಘುವಿನ ತಾಯಿ ಸತ್ತದ್ದು ವಿದ್ಯುತ್ ತಗುಲಿ ಎಂಬ ಸಂಗತಿ ಬಂದಷ್ಟೇ ಬೇಗ ಹೋಗಿಬಿಡುತ್ತದೆ. ಬರಗಾಲದಲ್ಲಿ ಆನೆ ಏಕೆ ಊರಿಗೆ ಬಂತು, ಕಾಡಂಚಿನ ರೈತ ಸಾಲ ಮಾಡಿ ಬೆಳೆದದ್ದನ್ನು ಒಂದೇ ರಾತ್ರಿಯಲ್ಲಿ ಕಳೆದುಕೊಂಡರೆ ಪರಿಹಾರಕ್ಕೆ ಎಷ್ಟು ಸಲ ಅಲೆಯುತ್ತಾನೆ, ಬೇಲಿಗೆ ಕದ್ದು ಕರೆಂಟು ಹರಿಸುವವನ ಮನಸ್ಸಿನಲ್ಲಿ ಏನಿರುತ್ತದೆ? ಪರಿಸರದ ಚಿತ್ರ ನಿಲ್ಲಬೇಕಾಗಿದ್ದು ಅಲ್ಲಿ, ಆ ತಂತಿಯ ಹತ್ತಿರ.

ಸಾಕ್ಷ್ಯಚಿತ್ರಕ್ಕೂ ಮೊದಲೇ ಒಂದು ಬರವಣಿಗೆ ಇರುತ್ತದೆ. ಯಾವ ಪ್ರಶ್ನೆ, ಯಾರ ಬಾಯಿಂದ, ಯಾವ ಕಾಲದಲ್ಲಿ ಎಂಬುದರ ನಕ್ಷೆ ಅದು. ಕಾಡುಪ್ರಾಣಿ ನಮ್ಮ ನಕ್ಷೆಯಂತೆ ನಡೆಯುವುದಿಲ್ಲವಾದ್ದರಿಂದ ಚಿತ್ರೀಕರಣ ಮುಗಿದು ದೃಶ್ಯಗಳನ್ನು ಜೋಡಿಸಿದ ಮೇಲೆ ನಿರೂಪಣೆಯನ್ನು ತಿದ್ದಿ ಬರೆಯುತ್ತಾರೆ. ಚಿತ್ರ ಹೇಳಲಾರದ್ದನ್ನು ಮಾತು ಹೇಳಬೇಕು. ಹುಲಿ ನಡೆಯುತ್ತಿರುವಾಗ ‘ಹುಲಿ ನಡೆಯುತ್ತಿದೆ’ ಎನ್ನುವ ಅಗತ್ಯವಿಲ್ಲ.

ಬಿಳಿಗಿರಿರಂಗನ ಬೆಟ್ಟದ ಲಂಟಾನವನ್ನೇ ತೆಗೆದುಕೊಳ್ಳಿ. ತೆರೆಯ ಮೇಲೆ ಅದು ಸೊಂಪಾದ ಹಸಿರು; ನೋಡುವವರು ಕಾಡು ಚೆನ್ನಾಗಿದೆ ಎಂದುಕೊಳ್ಳುತ್ತಾರೆ. ಸೋಲಿಗರನ್ನು ಕೇಳಿ. ಹಿಂದೆ ಅವರು ಬೇಸಿಗೆ ಬಲಿಯುವ ಮುಂಚೆ ‘ತರಗು ಬೆಂಕಿ’ ಹಾಕುತ್ತಿದ್ದರು. ಒಣಗಿದೆಲೆ ಮಾತ್ರ ಸುಟ್ಟು ಹೊಸ ಹುಲ್ಲು ಬರುತ್ತಿತ್ತು. 1974ರಲ್ಲಿ ಅಭಯಾರಣ್ಯವಾದ ಮೇಲೆ ಆ ಬೆಂಕಿ ನಿಂತಿತು, ಲಂಟಾನ ಹಬ್ಬಿತು, ನೆಲ್ಲಿ ಮರಕ್ಕೆ ಉಪ್ಪಿಲು ಎಂಬ ಬಂದಳಿಕೆ ಹತ್ತಿತು ಎನ್ನುತ್ತಾರೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದನ್ನು ಕಂಡವರಿಗೆ ಬೆಂಕಿ ಎಂದರೇ ಎದೆ ನಡುಗುತ್ತದೆ, ಅದೂ ನಿಜವೇ. ಈ ಎರಡು ಮಾತನ್ನೂ ಎದುರುಬದುರು ಕೂರಿಸುವ ಚಿತ್ರ ನನಗೆ ಬೇಕು. 2011ರಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕೂ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಅಂಥ ಹಕ್ಕು ಸಿಕ್ಕಿದ್ದು ದೇಶದಲ್ಲಿ ಅದೇ ಮೊದಲು. ಇಂಥ ಕಥೆ ಡ್ರೋನಿನಲ್ಲಿ ಸಿಗುವುದಿಲ್ಲ.

ಎಂಟನೇ ತರಗತಿಯ ಮಕ್ಕಳಿಗೆ ‘ವೈಲ್ಡ್ ಕರ್ನಾಟಕ’ದ ತುಣುಕುಗಳನ್ನು ತೋರಿಸಿ, ನಮ್ಮ ಸೀಮೆಯ ಮೇಲೆ ಹತ್ತು ನಿಮಿಷದ ಚಿತ್ರಕ್ಕೆ ನಕ್ಷೆ ಬರೆಯಿರಿ ಎಂದೆ. ಹೆಚ್ಚಿನವರು ಹುಲಿಯನ್ನೇ ಬರೆದರು. ಕಾಡಂಚಿನಲ್ಲಿ ತಾಯಿಯ ತವರಿರುವ ಒಬ್ಬ ಹುಡುಗಿ ಮಾತ್ರ ಹೀಗೆ ಬರೆದಿದ್ದಳು: ಮೊದಲು ಕತ್ತಲು. ಅಟ್ಟಣೆಯ ಮೇಲೆ ತಾತ ಕೆಮ್ಮುವ ಸದ್ದು. ಜೋಳದ ದಂಟು ಮುರಿಯುವ ಸದ್ದು. ಆಮೇಲೆ ಪಟಾಕಿ. ಆನೆಯನ್ನು ತೋರಿಸಬಾರದು, ಬೆಳಿಗ್ಗೆ ಹೆಜ್ಜೆ ಮಾತ್ರ.

ಓದಿ ದಂಗಾದೆ. ‘ಆಗ ಅಜ್ಜಿ ಎಲ್ಲಿರ್ತಾರೆ?’ ಎಂದು ಕೇಳಿದೆ.

‘ಅಜ್ಜಿ ಮನೇಲಿ ಎದ್ದೇ ಇರ್ತದ ಮಿಸ್. ಅದ ಹ್ಯಾಂಗ ತೋರ್ಸದು?’

ಇಂಥ ಕಡೆಯೇ ನಿರೂಪಣೆಗೆ ಕೆಲಸ ಇರುವುದು ಎಂದೆ. ಅಜ್ಜಿ ಆ ಹೊತ್ತಿನಲ್ಲಿ ಏನು ಮಾಡುತ್ತಾರೆ, ಏನು ಹೇಳಿಕೊಳ್ಳುತ್ತಾರೆ ಎಂದು ಮುಂದಿನ ರಜೆಗೆ ಹೋದಾಗ ಕೇಳಿಕೊಂಡು ಬರುತ್ತಾಳಂತೆ.